ಏರಿನಲ್ಲಿ ಮುಳುಗುವ ಮನೆ

ಮೊನ್ನೆ ಬ್ರೂಕ್‌ಫೀಲ್ಡಿನ ಸೈಟಿನಲ್ಲಿ ಪಾಯದ ಗುರುತಿಗೆ ಸುಣ್ಣದ ಪುಡಿ ಹಾಕಿಸುತ್ತಿದ್ದೆ. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ಅತ್ತಿಬೆಲೆಯ ಹೈಸ್ಕೂಲಿನ ನಮ್ಮ ಡ್ರಾಯಿಂಗ್ ಮೇಷ್ಟ್ರು ಕಣ್ಮುಂದೆ ಬಂದರು.

ಮೇಷ್ಟ್ರಿಗೆ ದೆಹಲಿಯ ರಾಷ್ಟ್ರಪತಿ ಭವನವೆಂದರೆ ಪ್ರಾಣ. ಬ್ರಿಟಿಷರು ತಮ್ಮ ವೈಸ್‌ರಾಯ್‌ಗೆಂದು ಕಟ್ಟಿಸಿದ ಮನೆ, ಕೆಂಪು ಕಲ್ಲು, ಕೆನೆಬಣ್ಣದ ಕಲ್ಲು, ಬೌದ್ಧ ಸ್ತೂಪದಂಥ ಗುಮ್ಮಟ... ಬೋರ್ಡಿನ ಮೇಲೆ ಬರೆಯುತ್ತಾ, ಆಗಷ್ಟೇ ಅದರ ಮೆಟ್ಟಿಲಿಳಿದು ಬಂದವರಂತೆ ಹೇಳುತ್ತಿದ್ದರು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಕಾರ್ಖಾನೆಯ ಮಾಲೀಕರೊಬ್ಬರು ಶಾಲೆಗೆ ಹೊಸ ಕಟ್ಟಡ ಕಟ್ಟಿಸಿಕೊಡಲು ಒಪ್ಪಿದರು. ಅವರಿಗೂ ಗುಮ್ಮಟವೇ ಬೇಕಿತ್ತು. ನಕ್ಷೆಯಲ್ಲಿ ಗೇಟಿನಿಂದ ದಿಬ್ಬದ ಮೇಲಕ್ಕೆ ಏರುದಾರಿ, ಏರಿನ ತುದಿಯಿಂದ ಬಹಳ ಹಿಂದಕ್ಕೆ ಕಟ್ಟಡ. ಮೇಷ್ಟ್ರು ನೋಡಿದವರೇ, "ಇದು ಕಾಣಲ್ಲ ಸಾರ್" ಎಂದರು.

ನಕ್ಷೆ ಮಾಡಿದ್ದ ಇಂಜಿನಿಯರು ನಕ್ಕರು. "ಚಿತ್ರ ಬರೆಯೋದು ಬೇರೆ, ಕಟ್ಟೋದು ಬೇರೆ ಮೇಷ್ಟ್ರೇ." ಕೊಡುವವರ ಮನಸ್ಸು ಕೆಡಿಸಬೇಡಿ ಎಂದು ಹೆಡ್‌ಮಾಸ್ಟರು ಗದರಿದರು.

ಗುದ್ದಲಿ ಪೂಜೆಯ ಬೆಳಿಗ್ಗೆ, ಸುಣ್ಣದ ಪುಡಿಯಲ್ಲಿ ಗುರುತು ಹಾಕಿದ್ದ ಕಟ್ಟಡದ ಜಾಗದಲ್ಲಿ ಮೇಷ್ಟ್ರು ಎರಡು ಬೊಂಬು ನೆಟ್ಟಿದ್ದರು. ಬಾಗಿಲಿನ ಎತ್ತರಕ್ಕೆ ಕೆಂಪು ಬಟ್ಟೆ, ಗುಮ್ಮಟದ ಎತ್ತರಕ್ಕೆ ಬಿಳಿ. ಮಾಲೀಕರ ಮುಂದೆ ಹೋಗಿ ನಿಂತರು. "ಸಾರ್, ಗೇಟಿಂದ ನನ್ ಜೊತೆ ಒಂದ್ಸಲ ನಡ್ಕೊಂಡ್ ಬನ್ನಿ. ಆಮೇಲೆ ನೀವ್ ಹೇಳ್ದಂಗೆ."

ನಾವು ಮಕ್ಕಳೂ ಹಿಂದೆ ಹೊರಟೆವು. ಗೇಟಿನಲ್ಲಿ ಎರಡೂ ಬಟ್ಟೆ ಕಾಣುತ್ತಿದ್ದವು. ಅರ್ಧ ಏರು ಹತ್ತುವಷ್ಟರಲ್ಲಿ ಕೆಂಪು ಮಾಯ! ಮಾಲೀಕರು ಅಲ್ಲೇ ನಿಂತುಬಿಟ್ಟರು.

"ಡೆಲ್ಲೀಲೂ ಇದೇ ಆಗಿದ್ದು ಸಾರ್," ಎಂದರು ಮೇಷ್ಟ್ರು. "ಏರು ಹತ್ತುವಾಗ ಅಷ್ಟು ದೊಡ್ಡ ಮನೆ ಮುಳುಗಿ ಗುಮ್ಮಟ ಮಾತ್ರ ಉಳಿಯುತ್ತೆ. ಆ ಏರಿಗೆ ಒಪ್ಪಿ ಸಹಿ ಹಾಕಿದ್ದು ಮನೆಯ ನಕ್ಷೆ ಮಾಡಿದವನೇ. ಆಮೇಲೆ ಎಷ್ಟು ಬಡ್ಕೊಂಡ್ರೂ ಬದಲಾಗ್ಲಿಲ್ಲ. ನಮ್ದಿನ್ನೂ ಕಾಗದದ ಮೇಲಿದೆ."

ಇಂಜಿನಿಯರೇ ಪೆನ್ಸಿಲ್ ತೆಗೆದು ಹತ್ತಿರ ಬಂದರು. "ಏರು ಎಷ್ಟು ತಗ್ಗಿಸೋಣ ಮೇಷ್ಟ್ರೇ?"

ನಾನು ಸಿವಿಲ್ ಓದಿದ್ದಕ್ಕೆ ಆ ಬೆಳಿಗ್ಗೆಯೇ ಕಾರಣ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಮಾತಾಡಿಸಿಕೊಂಡು ಬರಲು ಹೋದಾಗ ಅವರ ಹೆಂಡತಿಯನ್ನು ಕೇಳಿದೆ, "ಮೇಷ್ಟ್ರು ಡೆಲ್ಲಿಗೆ ಹೋಗಿದ್ದು ಯಾವಾಗಮ್ಮ?"

ಆ ದುಃಖದಲ್ಲೂ ಅವರಿಗೆ ನಗು ಬಂತು. "ಎಲ್ಲಿ ಡೆಲ್ಲಿ! ಇಲ್ಲೇ ಪಕ್ಕದ ಹೊಸೂರು ದಾಟಿದೋರಲ್ಲ ಕಣಮ್ಮ. ಎಲ್ಲಾ ಪುಸ್ತಕದಲ್ಲಿ ನೋಡ್ಕೊಂಡಿದ್ದು."

ಈಗ ಯಾವ ಸೈಟಿನಲ್ಲೂ ಅಗೆಯಲು ಹೇಳುವ ಮೊದಲು ಗೇಟಿನಿಂದ ಒಮ್ಮೆ ನಡೆದು ಬರುತ್ತೇನೆ. ಸರಿಯಿದೆಯಾ ಎಂದು ಕೇಳಲು ಅವರಿಲ್ಲ... ನನ್ನ ಕಣ್ಣನ್ನೇ ನಂಬಬೇಕು. ನಂಬುತ್ತೇನೆ.