ಆಲ್ವಿನಮ್ಮ ಕೂಗಿದ ಮೂವತ್ತನಾಲ್ಕು

ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಶಾಸನಸಭೆಯಲ್ಲಿ ಹದಿನೆಂಟು ವರ್ಷ ಕೂತ ಆರ್ವಿಲ್ ಟ್ವೈಟ್‌ಗೆ ಬರುತ್ತಿದ್ದದ್ದು ಒಂದೇ ಭಾಷಣ. ಅಪ್ಪ ಸತ್ತ ಚಳಿಗಾಲ ಮನೆಯಲ್ಲಿ ಕಲ್ಲಿದ್ದಲು ಮುಗಿದಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ, ಚೆಂಡೆತ್ತಿ ಕೂಗಿದ ಸಂಖ್ಯೆಗಳನ್ನು ಚೀಟಿಯಲ್ಲಿ ಗುರುತು ಹಾಕುವ ಬಿಂಗೊ ಆಟದಲ್ಲಿ ಅಮ್ಮ ಗೆದ್ದಳು, ಒಲೆ ಉರಿಯಿತು. ಬಡವರಿಗೂ ಒಂದಿಷ್ಟು ಅದೃಷ್ಟ ಬೇಡವೇ ಎಂದು ಗೋಗರೆದು ಧರ್ಮಾರ್ಥ ಬಿಂಗೊಗೆ ಕಾನೂನು ಮಾಡಿಸಿದ. ಮೋಸ ನುಸುಳದಂತೆ ಬಿಗಿಯಾದ ನಿಯಮಗಳನ್ನೂ ತಾನೇ ಬರೆದ. ಚುನಾವಣೆಯಲ್ಲಿ ಸೋತ ಮೇಲೆ ಗವರ್ನರು ಅವನನ್ನೇ ಜೂಜು ನಿಯಂತ್ರಣಾಧಿಕಾರಿ ಮಾಡಿದರು. ಅಲ್ಲಿಂದಾಚೆ ಪಾಪ, ಅವನು ಒಂದು ಬಿಂಗೊ ಚೀಟಿಯನ್ನೂ ಮುಟ್ಟುವಂತಿರಲಿಲ್ಲ.

ಒಂದು ಫೆಬ್ರವರಿ ಅವನ ಹುಟ್ಟೂರಿನ ಚರ್ಚಿನ ಮೇಲೇ ದೂರು ಬಂತು. ಅಲ್ಲಿ ಕಷ್ಟದಲ್ಲಿರುವವರೇ ಗೆಲ್ಲುತ್ತಾರಂತೆ. ಬರೆದವನು ಪಕ್ಕದೂರಿನವನು, ಊರಿನವರಾರೂ ಬಾಯಿಬಿಡುವವರಲ್ಲ.

ಅಲ್ಲಿ ಐವತ್ತು ವರ್ಷದಿಂದ ಸಂಖ್ಯೆ ಕೂಗುತ್ತಿದ್ದವಳು ಅಮ್ಮನ ಗೆಳತಿ ಆಲ್ವಿನಾ. ಅವನ ಮೊದಲ ಚುನಾವಣೆಗೆ ಮನೆಮನೆ ಅಲೆದವಳೂ ಅವಳೇ.

"ಏನೋ, ಸಾಹೇಬ್ರು ತನಿಖೆಗೆ ಬಂದ್ರಾ? ಮೊದ್ಲು ಕಾಫಿ ಕುಡಿ."

"ಆಲ್ವಿನಮ್ಮ, ಚೆಂಡಲ್ಲಿರೋದು ಬಿಟ್ಟು ಬೇರೆ ಸಂಖ್ಯೆ ಕೂಗ್ತೀರಂತೆ. ನಿಜಾನಾ?"

"ಹೂಂ ಕಣೋ. ಇವತ್ತು ಮಾವಿಸ್ ಸರದಿ. ಗಂಡನ್ನ ಮಣ್ಣು ಮಾಡಿ ಹತ್ತು ದಿನ ಆಗಿಲ್ಲ. ಸುಮ್ನೆ ಕೈಗೆ ದುಡ್ಡಿಟ್ರೆ ನಮ್ಮೋರು ಯಾರು ತಗೊಳ್ತಾರೆ ಹೇಳು? ಗೆದ್ರೆ ಮಾತ್ರ ತಗೊಳ್ತಾರೆ."

"ಯಾವಾಗಿಂದ ಇದು?"

ಅವಳು ಕಾಫಿ ಲೋಟವನ್ನು ಅವನತ್ತ ಸರಿಸಿದಳು. "ಆ ಚಳಿಗಾಲ ನಿಮ್ಮಮ್ಮಂಗೆ ಗೆಲ್ಲೋಕೆ ಮೂವತ್ತನಾಲ್ಕು ಒಂದೇ ಬೇಕಿತ್ತು. ಬರ್ಲೇ ಇಲ್ಲ. ನಾನೇ ಕೂಗ್ದೆ."

ಆರ್ವಿಲ್ ಎತ್ತಿದ ಲೋಟವನ್ನು ಕೆಳಗಿಟ್ಟ. ತನ್ನ ಭಾಷಣ, ತನ್ನ ಕಾನೂನು, ಕಡೆಗೆ ಈ ಕುರ್ಚಿಯೂ ಈ ಮುದುಕಿ ಹೇಳಿದ ಒಂದು ಸುಳ್ಳಿನ ಮೇಲೆ ನಿಂತಿತ್ತು.

"ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಿದ್ರೆ ಆ ದುಡ್ಡು ತಂದು ನನ್ನ ಮುಖದ ಮೇಲೇ ಎಸೀತಿದ್ಲು!"

ಆದರೂ ಅವನು ಆದೇಶ ಬರೆದ: ಆಲ್ವಿನಾ ಇನ್ನು ಸಂಖ್ಯೆ ಕೂಗಕೂಡದು. "ಬರಿ, ಬರಿ, ನಿಂದೇ ಕಾನೂನು," ಎಂದವಳು ತನ್ನ ಏಪ್ರನ್ನಿನ ಅಂಚಿನಲ್ಲೇ ಕಣ್ಣೊರೆಸಿಕೊಂಡಳು.

ಸಂಜೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಅವಳು ಕೂಗುವಂತಿಲ್ಲ, ಅವನು ಆಡುವಂತಿಲ್ಲ. ಹೊಸಬಳು ಚೆಂಡು ನೋಡಿ ನೋಡಿ ಕೂಗಿದಳು. ಮಾವಿಸ್ ಒಂದೇ ಒಂದು ಸಂಖ್ಯೆಗೆ ಕಾದೇ ಕಾದಳು. ಗೆದ್ದವನು ಮಾತ್ರ, ನೋಡಿ, ದೂರು ಬರೆದ ಆ ಪುಣ್ಯಾತ್ಮನೇ.

ಮಾವಿಸ್ ಕೋಟು ತೊಡುವಾಗ ಆರ್ವಿಲ್ ಎದ್ದು ನಿಂತ. ಊರಿಗೆಲ್ಲ ಬಾಯಿಪಾಠವಾಗಿದ್ದ ತನ್ನ ಕಥೆಯನ್ನು ಮತ್ತೆ ಹೇಳಿದ, ಈ ಸಲ ನಿಜವಾಗಿ ನಡೆದಂತೆ. ಆಮೇಲೆ ತಲೆಯ ಟೋಪಿ ತೆಗೆದು ಸಾಲುಸಾಲಿಗೆ ಹಿಡಿದು ದುಡ್ಡು ಕೂಡಿಸಿ, ಮಾವಿಸ್ ಮುಂದೆ ತಂದಿಟ್ಟ.

"ನಮ್ಮಮ್ಮ ಗೊತ್ತಿಲ್ದೆ ತಗೊಂಡಿದ್ಲು, ಮಾವಿಸ್. ನೀನು ಗೊತ್ತಿದ್ದೇ ತಗೋ."

ಮಾವಿಸ್ ಬಹಳ ಹೊತ್ತು ಆಲ್ವಿನಾಳ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಕೈ ಚಾಚಿದಳು.