ನೂರು ಮೀಟರಿನ ಸುರುಳಿ

ಕೇಬಲ್ ಮೇಷ್ಟ್ರು ಕೂತಲ್ಲಿ ಕೂರುವ ಜೀವವಲ್ಲ. ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಅವರಿಗೊಂದು ಸ್ಟೂಲು ಕೊಟ್ಟು ಹದಿನಾಲ್ಕು ವರ್ಷವಾಯಿತು. ಅದರ ಬಣ್ಣ ಇನ್ನೂ ಸವೆದಿಲ್ಲ.

ಮೊದಲು ಅವರು ಮನೆಮನೆಗೆ ಟಿವಿ ಕೇಬಲ್ ಎಳೆಯುತ್ತಿದ್ದವರು. ಕಂಬ ಹತ್ತಿ, ತಾರಸಿ ಹಾರಿ, ಕೈ ಸುಟ್ಟುಕೊಂಡು ಕಲಿತ ವಿದ್ಯೆ. ಸಹಾಯಕನ ಕೆಲಸಕ್ಕೆಂದು ಕಾಲೇಜಿಗೆ ಬಂದಾಗ ಟ್ರಾನ್ಸ್‌ಮಿಷನ್ ಲೈನ್ ಪಾಠ ಬರೀ ಕಪ್ಪುಹಲಗೆಯ ಮೇಲಿತ್ತು. ಉಪಕರಣ ತರಿಸಲು ಕಾಲೇಜಿಗೆ ಗತಿಯಿರಲಿಲ್ಲ. ಮೇಷ್ಟ್ರು ನೂರು ಮೀಟರಿನ ಒಂದು ಸುರುಳಿ ಕೇಬಲ್ ತಂದರು, ಸೋಪಿನ ಡಬ್ಬಿಯೊಳಗೆ ಎರಡು ಊಟದ ಬೆಲೆಯ ಚಿಪ್ ಕೂರಿಸಿ ವಿದ್ಯುತ್ತಿನ ಮಿಡಿತ ಹೊರಡಿಸಿದರು. ಮಿಡಿತ ಕೇಬಲ್ಲಿನ ತುದಿ ಮುಟ್ಟಿ ವಾಪಸು ಬರುತ್ತದೆ. ಆಸಿಲೋಸ್ಕೋಪಿನ ಪರದೆಯ ಮೇಲೆ ಎರಡು ಉಬ್ಬು ಏಳುತ್ತವೆ, ಹೋದದ್ದೊಂದು, ಬಂದದ್ದೊಂದು. ನಡುವಿನ ಸಮಯ ಓದಿ, ಉದ್ದದಿಂದ ಲೆಕ್ಕ ಹಾಕಿದರೆ ಅಲೆಯ ವೇಗ ಸಿಗುತ್ತದೆ.

"ತುದಿ ಬಿಟ್ಟಿದ್ರೆ ಹೋದ ಹಾಗೇ ಬರುತ್ತೆ. ತುದಿ ಕೂಡಿಸಿಬಿಟ್ರೆ ತಲೆಕೆಳಗಾಗಿ ಬರುತ್ತೆ. ಸರಿಯಾದ ರೆಸಿಸ್ಟರ್ ಕಟ್ಟಿ ನೋಡಿ, ಮನೆ ಅಳಿಯ ಇದ್ದ ಹಾಗೆ, ಹೋದೋನು ಬರೋದೇ ಇಲ್ಲ" ಎನ್ನುವರು. ಹುಡುಗರು ನಕ್ಕು ನಕ್ಕೇ ಕಲಿಯುವರು.

ಒಂದೇ ಒಂದು ಕೊಸರು ಇತ್ತು. ಈಚಿನ ವರ್ಷಗಳಲ್ಲಿ ಲೆಕ್ಕದ ವೇಗ ಯಾವಾಗಲೂ ಪುಸ್ತಕಕ್ಕಿಂತ ಹೆಚ್ಚು ಬರುತ್ತಿತ್ತು. ಮೇಷ್ಟ್ರು ತಪ್ಪನ್ನು ಹಳೆಯ ಆಸಿಲೋಸ್ಕೋಪಿನ ತಲೆಗೆ ಕಟ್ಟಿದ್ದರು. "ಮುದಿಯಂತ್ರ, ಸಮಯ ನುಂಗುತ್ತೆ. ಓದಿದ್ದನ್ನ ಒಂದು ಪಾಯಿಂಟ್ ಎರಡು ಎರಡರಿಂದ ಗುಣಿಸ್ರಪ್ಪ." ಏಳು ವರ್ಷ, ಪ್ರತಿ ತರಗತಿಯೂ ಗುಣಿಸಿತು.

ಆ ದಿನ ಪ್ರಯೋಗದ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಮುದಿಯಂತ್ರವನ್ನು ನಂಬದೆ ಅಂಗೈಯಗಲದ ತಮ್ಮದೇ ಹೊಸ ಸ್ಕೋಪ್ ತಂದಿದ್ದರು. ಬೆಳಿಗ್ಗೆಯಿಂದ ಹನ್ನೊಂದು ಜನ ಒಬ್ಬೊಬ್ಬರಾಗಿ ಬಂದು, ಬಾಯಿಪಾಠದಂತೆ ಗುಣಿಸಿಯೇ ಬರೆದು, ಸರಿಯುತ್ತರ ಕೊಟ್ಟು ಹೋದರು. ಹನ್ನೆರಡನೆಯವಳು, ಗೆಳತಿಯರೆಲ್ಲ ತಕರಾರು ಎಂದು ಕರೆಯುವ ಹುಡುಗಿ. ಒಮ್ಮೆ ಇದೇ ಪರೀಕ್ಷೆಯಲ್ಲಿ ಬಿದ್ದಿದ್ದವಳು. ಇನ್ನೊಮ್ಮೆ ಬಿದ್ದರೆ ಒಂದು ವರ್ಷ ಮಣ್ಣುಪಾಲು.

ಅವಳು ಕಂಡದ್ದನ್ನು ಬರೆದಳು. ಎಂಟುನೂರ ಇಪ್ಪತ್ತು ನ್ಯಾನೊಸೆಕೆಂಡು. ವೇಗ ಸೆಕೆಂಡಿಗೆ ಇಪ್ಪತ್ತನಾಲ್ಕು ಕೋಟಿ ಮೀಟರು ದಾಟಿತು.

"ಈ ಕೇಬಲ್ಲಲ್ಲಿ ಇಪ್ಪತ್ತು ಕೋಟಿ ದಾಟೋಕೆ ಸಾಧ್ಯವೇ ಇಲ್ಲ. ಓದೋಕೆ ಬರಲ್ವೇನಮ್ಮ?" ಎಂದರು ಪರೀಕ್ಷಕರು.

"ಬರುತ್ತೆ ಸಾರ್, ನೀವೇ ಓದಿ."

ಅವರು ಓದಿದರು. ಎಂಟುನೂರ ಇಪ್ಪತ್ತೇ.

"ನಿಮ್ಮ ಸ್ಕೋಪ್ ಹೊಸದು ಸಾರ್, ನಾನ್ಯಾಕೆ ಗುಣಿಸ್ಲಿ? ಓದಿದ್ದು ಸರಿ, ವೇಗ ಇಪ್ಪತ್ತು ಕೋಟಿ ಅನ್ನೋದೂ ಸರಿ ಅಂದ್ರೆ, ಕೇಬಲ್ಲೇ ಮೋಟು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಪರೀಕ್ಷಕರು ನಕ್ಕು ಈ ಕಡೆ ತಿರುಗಿದರು. "ಏನ್ ಮೇಷ್ಟ್ರೇ, ನೂರು ಮೀಟರ್ ತಾನೇ?"

"ಹೂಂ ಸಾರ್. ಸುರುಳಿ ಮೇಲೇ ಅಚ್ಚು ಹಾಕಿದೆಯಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ನೆನಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಮೇಷ್ಟ್ರ ಕೈ ಜೇಬಿನ ಇಕ್ಕಳಕ್ಕೆ ಹೋಯಿತು. ಏಳು ವರ್ಷದ ಕೆಳಗೆ ಅಕ್ಕ ಮೂರನೇ ಮಹಡಿಗೆ ಮನೆ ಬದಲಿಸಿದಾಗ, ಅವಳ ಟಿವಿಗೆ ತಂತಿ ಸಾಲದೆ, ಇದೇ ಇಕ್ಕಳದಿಂದ ಈ ಸುರುಳಿಯನ್ನೇ ಕತ್ತರಿಸಿದ್ದರು. ಮುಂದಿನ ವಾರ ಹೊಸದು ತಂದಿಟ್ಟರಾಯಿತು ಎಂದುಕೊಂಡಿದ್ದರು. ಆ ವಾರ ಬರಲೇ ಇಲ್ಲ, ಕತ್ತರಿಸಿದ್ದೂ ಮರೆತುಹೋಯಿತು.

ಪರೀಕ್ಷಕರು ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಮೇಷ್ಟ್ರು ಕಿಟಕಿಗೆ ಹೋದರು, ಬಾಗಿಲಿಗೆ ಬಂದರು, ಬೇಡವಾದ ಒಂದು ಸ್ವಿಚ್ಚು ಹಾಕಿ ಆರಿಸಿದರು. ಡಿಗ್ರಿ ಇಲ್ಲದವನು ಎನ್ನುವವರ ಬಾಯಿಯನ್ನು ಈ ಸುರುಳಿಯಿಂದಲೇ ಮುಚ್ಚಿಸಿದ್ದರು. ಈಗ ಅದೇ ಸುರುಳಿ ಬಾಯಿಬಿಡಿಸಲು ನಿಂತಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಹುಡುಗಿ ಮಾತ್ರ ಬೀಳುತ್ತಾಳೆ.

ಅವಳು ಅಳುತ್ತಿರಲಿಲ್ಲ. ಕಾಗದದ ಮೂಲೆಯಲ್ಲಿ ಉದ್ದ ಎಷ್ಟಿರಬೇಕೆಂದು ಲೆಕ್ಕ ಹಾಕುತ್ತಿದ್ದಳು. ಎಂಬತ್ತೆರಡು ಎಂದು ಬರೆದು ಕೆಳಗೆ ಗೆರೆ ಎಳೆದಳು.

"ಸಾರ್, ಪೆನ್ನು ಮುಚ್ಚಿ" ಎಂದರು ಮೇಷ್ಟ್ರು. "ನಾನೇ ಕತ್ತರಿಸಿದ್ದು. ನಮ್ಮ ಅಕ್ಕನ ಮನೆಗೆ. ಎಷ್ಟು ಅಂತ ನೆನಪಿಲ್ಲ."

"ಅಯ್ಯೋ, ಅಕ್ಕನ ಮನೆಗಾ!" ಎಂದಳು ತಕರಾರು. ನಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದಳು.

ಸುರುಳಿಯನ್ನು ಓಣಿಯುದ್ದಕ್ಕೂ ಬಿಚ್ಚಿದರು. ಬಾಗಿಲಿಂದ ಮೆಟ್ಟಿಲವರೆಗೆ, ಮೆಟ್ಟಿಲಿಂದ ಬಾಗಿಲವರೆಗೆ. ಟೇಪಿನ ಒಂದು ತುದಿ ಹುಡುಗಿಯ ಕೈಲಿ, ಇನ್ನೊಂದು ಮೇಷ್ಟ್ರ ಕೈಲಿ. ಪಾಠ ಬಿಟ್ಟು ಬಂದ ಪ್ರೊಫೆಸರರು ಕತ್ತು ಚಾಚಿ ನೋಡುತ್ತಿದ್ದಾಗ, ಕೇಬಲ್ ಮೇಷ್ಟ್ರು ಮಂಡಿಯೂರಿ ನೆಲ ಅಳೆದರು. ಎಂಬತ್ತೆರಡು ಮೀಟರು, ಮೇಲೆ ಒಂದು ಗೇಣು.

ಪರೀಕ್ಷಕರು ಹುಡುಗಿಗೆ ಪೂರ್ತಿ ಅಂಕ ಕೊಟ್ಟರು. ಮೇಷ್ಟ್ರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಉಳಿದವರ ಕಾಗದಗಳನ್ನು ಮುಂದಿಟ್ಟರು.

"ಈ ಹನ್ನೊಂದು ಜನ ಕಂಡಿದ್ದು ಎಂಟುನೂರ ಇಪ್ಪತ್ತು, ಬರೆದಿದ್ದು ಸಾವಿರ. ಕಾಣದ್ದನ್ನ ಬರೆದೋರಿಗೆ ನಾನು ಅಂಕ ಕೊಡಲ್ಲ."

"ಬರೆಸಿದ್ದು ನಾನು ಸಾರ್. ಅವರದೇನು ತಪ್ಪು?"

"ಹಾಗಾದ್ರೆ ನಾಲ್ಕು ಗಂಟೆಯೊಳಗೆ ಕರ್ಕೊಂಡು ಬನ್ನಿ, ಮತ್ತೆ ಮಾಡಲಿ. ಆಮೇಲೆ ಪಟ್ಟಿ ಮುಚ್ತೀನಿ."

ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಮೇಷ್ಟ್ರು ಮೆಟ್ಟಿಲನ್ನು ಎರಡೆರಡಾಗಿ ಇಳಿದರು. ಒಂದು ಚಪ್ಪಲಿಯ ಉಂಗುಷ್ಠ ಕಿತ್ತು ಅಂಗಳದಲ್ಲೇ ಉಳಿಯಿತು. ಕಾದಿದ್ದ ಹುಡುಗರನ್ನು ಹತ್ತಿಸಿಕೊಂಡು ಗೇಟಿನಾಚೆ ಬಸ್ಸು ಹೊರಟಿತ್ತು. ಅವರು ಎರಡೂ ಕೈ ಚಾಚಿ ರಸ್ತೆಯ ನಡುವೆ ನಿಂತರು.

"ಮನೇಲಿ ಹೇಳಿ ಬಂದಿದ್ದೀಯೇನಯ್ಯ?" ಡ್ರೈವರು ಬ್ರೇಕ್ ಒತ್ತಿ ಕೂಗಿದ.

ಮೇಷ್ಟ್ರು ಬಸ್ಸು ಹತ್ತಿ, ಏದುಸಿರಿನಲ್ಲೇ ತಲೆ ಎಣಿಸಿದರು. ಒಂಬತ್ತು.

"ಇನ್ನಿಬ್ಬರು ಎಲ್ರೋ?"

"ರೈಲ್ವೆ ಸ್ಟೇಷನ್ ಕಡೆ ಹೋದ್ರು ಮೇಷ್ಟ್ರೇ. ಯಾಕೆ, ಏನಾಯ್ತು?"

"ನೀವು ಇಳೀರಿ, ಲ್ಯಾಬಿಗೆ ಓಡಿ. ಏನಾಯ್ತು ಅಂತ ಅಲ್ಲಿ ತಕರಾರು ಹೇಳ್ತಾಳೆ" ಎಂದವರು, ಒಂಟಿ ಚಪ್ಪಲಿಯನ್ನೂ ಕಳಚಿ ಕೈಲಿ ಹಿಡಿದು, ಬಸ್ಸಿಳಿದು ಸ್ಟೇಷನ್ ದಾರಿಯಲ್ಲಿ ಓಡಿದರು.