ಜಾಡಿಯಕ್ಕ ಅಂಟಿಸಿದ ಆರು ಚೀಟಿ

ಆಕೆಯ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮಕ್ಕಳಿಗೂ ಮೇಷ್ಟ್ರುಗಳಿಗೂ ಆಕೆ ಜಾಡಿಯಕ್ಕ. ವಿಜ್ಞಾನದ ಕೋಣೆಯ ಕಪಾಟಿನಲ್ಲಿದ್ದ ಗಾಜಿನ ಜಾಡಿಗಳನ್ನು ಇಳಿಸುವುದು, ಒರೆಸುವುದು, ಒಳಗಿನ ಹಣ್ಣು ಕೆಡದಿರಲು ಹಾಕಿದ ಮದ್ದಿನ ನೀರು ಬದಲಾಯಿಸುವುದು, ಮತ್ತೆ ಏರಿಸಿಡುವುದು ಆಕೆಯ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಆಕೆಯ ಕೈಯಿಂದ ಒಂದು ಜಾಡಿಯೂ ಜಾರಿರಲಿಲ್ಲ. ಹೇಳಿಕೊಳ್ಳಲು ಆಕೆಗಿದ್ದ ಹೆಮ್ಮೆ ಅದೊಂದೇ.

ಏಳನೇ ತರಗತಿಗೇ ಓದು ಬಿಟ್ಟವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಷ್ಟ್ರುಗಳ ಕೋಣೆಗೆ ಟೀ ತೆಗೆದುಕೊಂಡು ಹೋದಾಗ, ಬದನೆಕಾಯಿಯ ಜಾಡಿಯನ್ನು ಹಣ್ಣುಗಳ ಸಾಲಿನಲ್ಲಿ ಯಾಕೆ ಇಟ್ಟಿದ್ದಾರೆ ಎಂದು ಕೇಳಿದ್ದಳು. ಅಲ್ಲಿದ್ದವರು ಟೀ ಆರುವವರೆಗೂ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕವರು ಯಾರೂ ಇರಲಿಲ್ಲ. ಆದರೂ ಅಂದಿನಿಂದ ಆಕೆ ಬಾಯಿಗೆ ಬೀಗ ಹಾಕಿಕೊಂಡಳು. ಗೊತ್ತಿದ್ದದ್ದನ್ನು ಮಾಡುವುದು, ಗೊತ್ತಿಲ್ಲದ್ದನ್ನು ಊಹಿಸಿ ಮಾಡುವುದು, ಕೇಳುವುದು ಮಾತ್ರ ಬೇಡ.

ಆ ವರ್ಷ ಪರೀಕ್ಷೆಗೆ ಎರಡು ದಿನವಿತ್ತು. ಮೇಲಿನ ಸಾಲಿನ ಆರು ಜಾಡಿಗಳಿಗೆ ಹೊರಗಡೆ ಬೂಸಲು ಹಿಡಿದಿದ್ದರಿಂದ ಆಕೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಉಜ್ಜಿದಳು. ಹಣ್ಣಿನ ಹೆಸರನ್ನು ಗಾಜಿನ ಮೇಲೆ ಬಣ್ಣದಲ್ಲಿ ಬರೆದಿತ್ತು, ಅದು ಅಲುಗಲಿಲ್ಲ. ಅದರ ಕೆಳಗೆ ಹಣ್ಣಿನ ಜಾತಿ ಬರೆದ ಕಾಗದದ ಚೀಟಿಗಳು ಒಂದೊಂದಾಗಿ ಕಳಚಿ ಬಟ್ಟೆಗೆ ಅಂಟಿಕೊಂಡು ಬಂದವು. ನಾಲ್ಕರ ಮೇಲೆ ‘ಬೆರಿ’ ಎಂದಿತ್ತು, ಎರಡರ ಮೇಲೆ ‘ಬೆರಿ ಅಲ್ಲ’.

ವಿಜ್ಞಾನದ ಟೀಚರ್ ಹೆರಿಗೆ ರಜೆಯಲ್ಲಿದ್ದರು. ಪಾಠದ ಪುಸ್ತಕ ಕೈಗೆಟಕುವ ಕಪಾಟಿನಲ್ಲೇ ಇತ್ತು. ಅದನ್ನು ತೆಗೆದು ನೋಡಬೇಕೆಂದು ಆಕೆಗೆ ಅನ್ನಿಸಲೇ ಇಲ್ಲ. ಇದಕ್ಕೂ ಪುಸ್ತಕ ಬೇಕೇ? ಸ್ಟ್ರಾಬೆರಿ, ಮಲ್ಬೆರಿಗೆ ಹೆಸರಲ್ಲೇ ಬೆರಿ ಇದೆ. ದ್ರಾಕ್ಷಿ ಪುಟ್ಟಗೆ, ಗುಂಡಗೆ, ರಸವಾಗಿದೆ. ಟೊಮ್ಯಾಟೊವೂ ಹೆಚ್ಚು ಕಡಿಮೆ ಹಾಗೇ. ನಾಲ್ಕಾಯಿತು. ಉಳಿದದ್ದು ಮೆಣಸಿನಕಾಯಿ, ಬಾಳೆಹಣ್ಣು. ಅವನ್ನು ಬೆರಿ ಎನ್ನುವವರು ಎಲ್ಲಾದರೂ ಇದ್ದಾರೆಯೇ? ಚೀಟಿಗಳ ಲೆಕ್ಕ ಸರಿಹೋಯಿತು. ಗೋಂದು ಹಚ್ಚಿ, ಮೂಲೆಗಳನ್ನು ಉಗುರಿನಿಂದ ಒತ್ತಿ, ನೀಟಾಗಿ ಅಂಟಿಸಿದಳು.

ಪರೀಕ್ಷೆಯ ದಿನ ಜಾಡಿಗಳ ಬರಹ ಗೋಡೆಗೆ ಮುಖ ಮಾಡಿರುತ್ತದೆ. ಮಕ್ಕಳು ಹಣ್ಣು ನೋಡಿ ಉತ್ತರ ಬರೆಯುತ್ತಾರೆ. ಆಮೇಲೆ ಜಾಡಿ ತಿರುಗಿಸಿ, ಚೀಟಿ ಓದಿ ಅಂಕ ಹಾಕುತ್ತಾರೆ. ಆ ಸಲ ಹಾಗೆ ಅಂಕ ಹಾಕಿದವರು ಲೆಕ್ಕದ ಮೇಷ್ಟ್ರು.

ಮರುದಿನ ಅವರು ಉತ್ತರಗಳನ್ನು ತರಗತಿಯಲ್ಲೇ ಓದಿದರು. ಕಿಟಕಿ ಪಕ್ಕದ ಬೆಂಚಿನ ಹುಡುಗಿಗೆ ಆರಕ್ಕೆ ಎರಡು ಬಂದಿತ್ತು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ, ಪುಸ್ತಕಕ್ಕೆ ಎರಡೆರಡು ರಟ್ಟು ಹಾಕುವ ಹುಡುಗಿ ಅದು.

“ಮೆಣಸಿನಕಾಯಿ ಬೆರಿಯಂತೆ, ಸ್ಟ್ರಾಬೆರಿ ಅಲ್ಲವಂತೆ,” ಎಂದರು ಮೇಷ್ಟ್ರು. “ಇವರ ಮನೆಗೆ ಹೋದ್ರೆ ಬ್ರೆಡ್ಡಿಗೆ ಮೆಣಸಿನಕಾಯಿ ಜಾಮ್ ಸವರಿ ಕೊಡ್ತಾರೇನೋ ಕಣ್ರೋ.”

ತರಗತಿ ಗೊಳ್ಳೆಂದಿತು. ಹಿಂದಿನ ಮೇಜು ಒರೆಸುತ್ತಿದ್ದ ಜಾಡಿಯಕ್ಕನೂ ನಕ್ಕಳು. ಹುಡುಗಿ ತಿರುಗಿ ನೋಡಿದ್ದು ಮೇಷ್ಟ್ರನ್ನಲ್ಲ, ನಕ್ಕ ಗೆಳತಿಯರನ್ನೂ ಅಲ್ಲ, ಆಕೆಯನ್ನು. ಸಂಜೆಯೊಳಗೆ ಹುಡುಗಿಗೆ ‘ಜಾಮ್’ ಎಂಬ ಹೆಸರು ಗಟ್ಟಿಯಾಯಿತು.

ಅದೇ ದಿನ ಊಟದ ಬಿಡುವಿನಲ್ಲಿ ಅವಳು ಪುಸ್ತಕ ಎದೆಗವಚಿಕೊಂಡು ವಿಜ್ಞಾನದ ಕೋಣೆಗೆ ಬಂದಿದ್ದಳು. ಜಾಡಿಗಳನ್ನು ಒಮ್ಮೆ ನೋಡಬಹುದೇ ಎಂದು ಕೇಳಿ, ಆರನ್ನೂ ಮೆಲ್ಲಗೆ ತಿರುಗಿಸಿ ಓದಿದಳು. ಆಮೇಲೆ ಪುಸ್ತಕ ತೆರೆದಳು, ಸ್ಕೇಲು ಇಟ್ಟಳು, ಶಾಯಿ ಪೆನ್ನಿನಿಂದ ನಾಲ್ಕು ಸಾಲಿನ ಮೇಲೆ ಗೀಟು ಎಳೆದಳು.

“ಪುಸ್ತಕದಲ್ಲೇ ತಪ್ಪು ಅಚ್ಚಾಗಿದೆ ಅಕ್ಕ,” ಎಂದಳು. “ಜಾಡಿ ನೋಡ್ಕೊಳ್ಳೋದು ನೀವಲ್ವಾ. ಅದು ತಪ್ಪಿರಲ್ಲ.”

ಅವಳು ಹೋದ ಮೇಲೆ ಜಾಡಿಯಕ್ಕ ಕಪಾಟಿನ ಪುಸ್ತಕ ತೆಗೆದಳು. ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಓದಿದಳು. ಒಂದು ಹೂವಿನ ಒಂದೇ ಅಂಡಾಶಯ ಬೆಳೆದು, ನಡುವೆ ಮಾವಿನದರಂಥ ಗಟ್ಟಿ ಓಟೆಯಿಲ್ಲದೆ, ಮೆತ್ತನೆ ತಿರುಳಿನೊಳಗೆ ಬೀಜಗಳಿದ್ದರೆ ಅದು ಬೆರಿ. ಟೊಮ್ಯಾಟೊ, ದ್ರಾಕ್ಷಿ, ಮೆಣಸಿನಕಾಯಿ, ಬಾಳೆ, ಎಲ್ಲವೂ ಆ ಮನೆಯವೇ. ಸ್ಟ್ರಾಬೆರಿಯಲ್ಲಿ ನಾವು ತಿನ್ನುವುದು ಹೂವು ಕೂತಿದ್ದ ಪೀಠ, ಊದಿಕೊಂಡು ಕೆಂಪಾದದ್ದು. ಮೇಲಿನ ಒಂದೊಂದು ಚುಕ್ಕಿಯೂ ಒಂದೊಂದು ಹಣ್ಣು. ಮಲ್ಬೆರಿಯಂತೂ ಹತ್ತಾರು ಹೂಗಳು ಒತ್ತಿಕೊಂಡು ಆದ ಗೊಂಚಲು. ಓದುತ್ತ ಓದುತ್ತ ಆಕೆಯ ಕಿವಿ ಸುಡತೊಡಗಿತು.

ಸಂಜೆ ಅಡುಗೆಮನೆಯಲ್ಲಿ ಟೊಮ್ಯಾಟೊ ಹೆಚ್ಚಲು ಕೂತವಳು ಅರ್ಧ ಹೋಳನ್ನು ಕೈಯಲ್ಲಿ ಹಿಡಿದು ಹಾಗೇ ಇದ್ದಳು. ತಿರುಳು, ತಿರುಳಿನೊಳಗೆ ಬೀಜ. ದಿನಾ ಕಂಡದ್ದೇ. ಪಕ್ಕದಲ್ಲಿ ಸೀಳಿಟ್ಟ ಮೆಣಸಿನಕಾಯಿಯೊಳಗೂ ಬೀಜ. ಗಡಿಯಾರ ರಿಪೇರಿ ಮಾಡುವ ಗಂಡ ಬಾಗಿಲಲ್ಲಿ ನಿಂತು, “ಏನೇ, ಟೊಮ್ಯಾಟೊ ಜೊತೆ ಮುನಿಸಾ?” ಎಂದ. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈರುಳ್ಳಿ ಖಾರ ಎಂದಳು. ಆ ದಿನ ಮನೆಯಲ್ಲಿ ಈರುಳ್ಳಿಯೇ ಇರಲಿಲ್ಲ.

ಮಾರನೆಯ ದಿನ ಯಾರೂ ಬರುವ ಮೊದಲೇ ಶಾಲೆಗೆ ಹೋಗಿ ಚೀಟಿಗಳನ್ನು ಬಿಡಿಸಿ ಸರಿಯಾಗಿ ಅಂಟಿಸಿದಳು. ಯಾರ ಕಣ್ಣಿಗೂ ಬೀಳದೆ ಮುಗಿಯಿತು ಎಂದುಕೊಂಡಳು. ಮುಗಿದದ್ದು ಜಾಡಿಗಳ ತಪ್ಪು. ಅಂಕದ ಪಟ್ಟಿ ಇನ್ನೂ ಮೇಷ್ಟ್ರ ಮೇಜಿನ ಮೇಲಿತ್ತು, ಮಧ್ಯಾಹ್ನ ಅದು ಕಚೇರಿಗೆ ಹೋಗಬೇಕಿತ್ತು. ಒಮ್ಮೆ ಹೋದರೆ ವಾಪಸ್ಸು ಬರುವುದಿಲ್ಲ.

ಮೊದಲ ಗಂಟೆಯ ಪಾಠಕ್ಕೆ ಹುಡುಗಿ ವಿಜ್ಞಾನದ ಕೋಣೆಯೊಳಗೆ ಬಂದಳು. ಜಾಡಿಗಳು ಆಗ ಎಂದಿನಂತೆ ಈಚೆ ಮುಖ ಮಾಡಿದ್ದವು. ಮೆಣಸಿನಕಾಯಿಯ ಜಾಡಿಯ ಮೇಲೆ ಅವಳ ಕಣ್ಣು ನಿಂತಿತು. ಗೋಂದು ಇನ್ನೂ ಒದ್ದೆಯಿತ್ತು. ಜಾಡಿಯಕ್ಕನ ಬೆರಳುಗಳಿಗೂ ಅದೇ ಗೋಂದು ಅಂಟಿತ್ತು. ಹುಡುಗಿ ಜಾಡಿ ನೋಡಿದಳು, ಬೆರಳು ನೋಡಿದಳು, ತನ್ನ ಬೆಂಚಿಗೆ ಹೋಗಿ ಕೂತಳು. ಬೈದಿದ್ದರೆ ಜಾಡಿಯಕ್ಕ ತಡೆದುಕೊಳ್ಳುತ್ತಿದ್ದಳು.

ಇಪ್ಪತ್ತೆರಡು ವರ್ಷದ ಮೇಲೆ ಆಕೆ ಮೇಷ್ಟ್ರುಗಳ ಕೋಣೆಗೆ ಟೀ ತಟ್ಟೆಯಿಲ್ಲದೆ ಹೋದಳು. ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

“ಸಾರ್, ಚೀಟಿ ನಾನೇ ತಪ್ಪು ಅಂಟಿಸಿದ್ದೆ. ಆ ಮಗು ಬರೆದಿದ್ದೇ ಸರಿ. ಬೆಳಿಗ್ಗೆ ಕದ್ದು ಬದಲಾಯಿಸಿದ್ದೂ ನಾನೇ.”

ಯಾರೂ ನಗಲಿಲ್ಲ. ಲೆಕ್ಕದ ಮೇಷ್ಟ್ರು ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. “ಪುಸ್ತಕ ನನ್ನ ಪಕ್ಕದಲ್ಲೂ ಇತ್ತು ಜಾಡಿಯಕ್ಕ,” ಎಂದರು. ತಲೆ ಎತ್ತಲಿಲ್ಲ.

ಪಟ್ಟಿಯನ್ನೆಲ್ಲ ತಿದ್ದಿದ ಮೇಲೆ ಹುಡುಗಿಗೆ ಆರಕ್ಕೆ ಆರು ಬಂತು. ಮೇಷ್ಟ್ರು ತರಗತಿಯಲ್ಲೇ ಅದನ್ನು ಹೇಳಿದರು. ‘ಜಾಮ್’ ಎಂಬ ಹೆಸರು ಮಾತ್ರ ಹೋಗಲಿಲ್ಲ, ಮಕ್ಕಳು ಅದಕ್ಕೆ ಒಗ್ಗಿಹೋಗಿದ್ದರು. ಶಾಲೆಯ ಹಿತ್ತಲಲ್ಲಿ ಯಾರಾದರೂ ಹಾಗೆ ಕೂಗಿದಾಗಲೆಲ್ಲ ಜಾಡಿಯಕ್ಕ ಒರೆಸುತ್ತಿದ್ದ ಜಾಡಿಯನ್ನು ಕೆಳಗಿಟ್ಟುಬಿಡುತ್ತಿದ್ದಳು.

ಗೀಟು ಎಳೆದ ಪುಟವನ್ನು ಹುಡುಗಿ ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೂತಾಗಿತ್ತು. ಜಾಡಿಯಕ್ಕ ಆ ಪುಸ್ತಕ ಕೇಳಿ ತೆಗೆದುಕೊಂಡಳು. ನಾಲ್ಕು ಚೀಟಿ ಕತ್ತರಿಸಿದಳು, ಹಾಳಾದ ಸಾಲುಗಳನ್ನು ಕಪಾಟಿನ ಪುಸ್ತಕ ನೋಡಿ ತನ್ನ ದಪ್ಪ ಅಕ್ಷರದಲ್ಲಿ ಬರೆದಳು. ಗೋಂದಿನ ಡಬ್ಬಿ ತೆರೆದವಳು ಹಚ್ಚಲಿಲ್ಲ. ಚೀಟಿಗಳನ್ನು ಹುಡುಗಿಯ ಮುಂದೆ ಸಾಲಾಗಿ ಇಟ್ಟಳು.

“ನೋಡು ಮಗಾ, ಸರಿ ಇದೆಯಾ? ನೀನು ಹೂಂ ಅಂದ್ಮೇಲೆ ಅಂಟಿಸ್ತೀನಿ.”

ಹುಡುಗಿ ಒಂದೊಂದನ್ನೇ ಓದಿದಳು. ಮೂರನೆಯದರಲ್ಲಿ ಒಂದು ಕೊಂಬು ಬಿಟ್ಟುಹೋಗಿತ್ತು. ಅದನ್ನು ತೋರಿಸಿದಳು.